ಲಾಭಾ, ಎರಡ, ಮೂರ, ನಾಕ

ಗೋಣಿಚೀಲ ತೂಗುಹಾಕಿದ್ದು ನನ್ನದೇ ಬುದ್ಧಿ. ಬ್ಯಾಡಗಿಯ ಒಂದು ಕೋಲ್ಡ್ ಸ್ಟೋರೇಜಿನ ಖಾಲಿ ಕೋಣೆಯಲ್ಲಿ ನಮ್ಮ ಬ್ಯಾಂಡಿನ ಮೊದಲ ಆಲ್ಬಮ್ ರೆಕಾರ್ಡ್ ಮಾಡಲು ಹೊರಟಿದ್ದೆವು. ಕೋಣೆಯ ಗೋಡೆಗಳೆಲ್ಲ ತಗಡು. ಸ್ನೇರ್ ಡ್ರಮ್ಮಿಗೆ ಒಂದು ಏಟು ಕೊಟ್ಟರೆ ಅದು ನಾಲ್ಕೂ ಗೋಡೆಗೆ ಬಡಿದು ವಾಪಸ್ ಬರುವಷ್ಟರಲ್ಲಿ ಮುಂದಿನ ಏಟು ಬಿದ್ದಿರುತ್ತಿತ್ತು. ಚೀಲ ಇಳಿಬಿಟ್ಟರೆ ಸದ್ದು ಹೀರಿಕೊಳ್ಳುತ್ತದೆ ಎಂದೆ. ಹಳೆಯ ಚೀಲ ತರಿಸಿ, ಬಿದಿರಿನ ಗಳಕ್ಕೆ ಕಟ್ಟಿ, ಮೂರು ಕಡೆ ಇಳಿಬಿಟ್ಟೆವು. ಸದ್ದನ್ನೇನೋ ಹೀರಿದವು. ಆದರೆ ಮೊದಲ ಹಾಡಿನ ನಡುವೆ ಮೂವರೂ ಸೀನತೊಡಗಿದೆವು. ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ ಎಂದು ಊರವರು ಹೆಮ್ಮೆಯಿಂದ ಹೇಳುತ್ತಾರೆ. ಚೀಲದ ಧೂಳಿಗೆ ಅದು ಗೊತ್ತಿರಲಿಲ್ಲ. ಒಂದಿಡೀ ದಿನ ಚೀಲಗಳನ್ನು ಹೊರಗೆ ಹಾಕಿ ಬಡಿದೆವು. ಒದ್ದೆ ಮಾಡಿ, ಒಣಗಿಸಿ, ಮತ್ತೆ ಕಟ್ಟಿದೆವು.

ನಾವು ಇದ್ದದ್ದು ಮೂರೇ ಜನ. ಹಾಡುವವನು ರಾಣೆಬೆನ್ನೂರಿನವನು, ಬೀಜದ ಅಂಗಡಿ ಇಟ್ಟವನು. ಗಿಟಾರೂ ಅವನದೇ, ಹಾಡು ಬರೆಯುವವನೂ ಅವನೇ. ಬೇಸ್ ಗಿಟಾರ್ ನುಡಿಸುವವಳು ಹಾವೇರಿಯವಳು, ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುತ್ತಾಳೆ. ಡ್ರಮ್ಸ್ ನನ್ನದು. ಹೊಟ್ಟೆಪಾಡಿಗೆ ಬ್ಯಾಡಗಿಯಲ್ಲಿ ಮೋಟಾರು ರಿವೈಂಡಿಂಗ್ ಅಂಗಡಿ ಇದೆ. ಹನ್ನೊಂದು ವರ್ಷ ಕೂಡಿ ಬಾರಿಸಿದೆವು. ಈಗ ಬ್ಯಾಂಡ್ ಇಲ್ಲ. ಯಾಕೆ ಬಿಟ್ಟಿರಿ ಎಂದು ಕೇಳುವವರಿಗೆ ‘ಟೈಮ್ ಸಿಗಲಿಲ್ಲ’ ಎಂದು ಹೇಳಿ ಹೇಳಿ ನನಗೇ ಬೇಸರ ಬಂದಿದೆ. ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಆ ಕೋಲ್ಡ್ ಸ್ಟೋರೇಜಿನ ಮೋಟಾರುಗಳ ರಿಪೇರಿ ನನ್ನದೇ ಆದ್ದರಿಂದ ಕೋಣೆ ಸಿಕ್ಕಿತು. ಸೀಜನ್ ಮುಗಿದು ಒಂದು ಕೋಣೆ ಖಾಲಿ ಬಿದ್ದಿತ್ತು. ಮ್ಯಾನೇಜರು ಒಂದೇ ಷರತ್ತು ಹಾಕಿದರು.

“ಏನರ ಬಾರಿಸ್ಕೋರಿ, ಆದ್ರ ಬಾಗಲಾ ಪೂರಾ ಮುಚ್ಚಬ್ಯಾಡ್ರಿ. ಒಳಗಿಂದ ತಗಿಯೂ ಚಿಲಕ ಕೆಟ್ಟೈತಿ. ನೀವು ಮೂರು ಮಂದಿ ಒಳಗ ಸಿಕ್ಕೊಂಡ್ರ ನಾ ಯಾರಿಗೆ ಅಂತ ಉತ್ತರಾ ಕೊಡ್ಲಿ?”

ಹಾಗಾಗಿ ಬಾಗಿಲ ಸಂದಿಯಲ್ಲಿ ಇಟ್ಟಿಗೆ ಇಟ್ಟೆವು. ಇಟ್ಟಿಗೆಯ ಸಂದಿಯಿಂದ ಪಕ್ಕದ ಕೋಣೆಯ ಕಂಪ್ರೆಸರ್ ಸದ್ದು ಒಳಬರುತ್ತಿತ್ತು. ಅದು ಒಮ್ಮೆ ನಿಂತರೆ ಹನ್ನೆರಡು ನಿಮಿಷ ಸುಮ್ಮನಿರುತ್ತದೆ, ಆಮೇಲೆ ಮತ್ತೆ ಶುರು. ನಮ್ಮ ದೊಡ್ಡ ಹಾಡು ‘ಘಾಟು’ ಆರೂವರೆ ನಿಮಿಷದ್ದು. ಅಂದರೆ ಕಂಪ್ರೆಸರ್ ನಿಂತ ತಕ್ಷಣ ಶುರು ಮಾಡಬೇಕು, ತಪ್ಪಿದರೆ ಅದೇ ಬಿಡುವಿನಲ್ಲಿ ಮತ್ತೊಮ್ಮೆ ಬಾರಿಸಲು ಆಗುವುದಿಲ್ಲ. ನಡುವೆ ಸ್ಟೇಷನ್ನಿಗೆ ರೈಲು ಬಂದರೆ ಆ ಬಿಡುವೂ ಹೋಯಿತು. ಬೇಸಿನವಳು ರೈಲಿನ ವೇಳಾಪಟ್ಟಿ ಬರೆದು ಗೋಡೆಗೆ ಅಂಟಿಸಿದಳು.

ನಮ್ಮ ಹತ್ತಿರ ಡ್ರಮ್ಸಿಗೆ ನಾಲ್ಕೇ ಮೈಕು. ಒಂದನ್ನು ಕಿಕ್ ಡ್ರಮ್ಮಿನ ಒಳಗೆ ಹಳೆಯ ದುಪ್ಪಟಿಯ ಮೇಲೆ ಮಲಗಿಸಿದೆ, ಒಂದನ್ನು ಸ್ನೇರಿನ ಅಂಚಿಗೆ ನಿಲ್ಲಿಸಿದೆ. ಉಳಿದೆರಡು ತಲೆಯ ಮೇಲೆ. ಮೇಲಿನ ಎರಡೂ ಸ್ನೇರಿನ ನಡುವಿನಿಂದ ಸರಿಸಮ ದೂರದಲ್ಲಿ ಇರಬೇಕು, ಇಲ್ಲದಿದ್ದರೆ ಸದ್ದು ಒಂದು ಕಿವಿಗೆ ಮೊದಲು, ಒಂದು ಕಿವಿಗೆ ತಡ. ಮೋಟಾರು ಸುತ್ತುವ ಹತ್ತಿದಾರವನ್ನೇ ಸ್ನೇರಿನ ಮೇಲೆ ಹಿಡಿದು, ಎರಡೂ ಮೈಕಿನವರೆಗೆ ಎಳೆದು ಅಳೆದೆ. ದಿನಾ ಬೆಳಿಗ್ಗೆ ಅಳೆಯುತ್ತಿದ್ದೆ. ಹಾಡುವವನು ನನ್ನನ್ನು ನೋಡಿ “ಟೇಲರಾ, ತೋಳ ಎಷ್ಟ ಉದ್ದ ಇಡೂಣು?” ಎಂದು ಕಾಡುತ್ತಿದ್ದ. ನನಗೆ ಸಿಟ್ಟು ಬರುತ್ತಿರಲಿಲ್ಲ. ಆ ದಿನಗಳಲ್ಲಿ ಅವನ ಮೇಲೆ ನನಗೆ ಸಿಟ್ಟು ಬರುವುದೇ ಸಾಧ್ಯವಿರಲಿಲ್ಲ.

ಹನ್ನೊಂದು ವರ್ಷ ಬಾರಿಸಿದರೂ ನನ್ನ ಕೈಯದು ಎಂದು ತೋರಿಸಲು ನನ್ನ ಹತ್ತಿರ ಏನೂ ಇರಲಿಲ್ಲ. ಕಾಲೇಜುಗಳ ಗ್ಯಾದರಿಂಗುಗಳಲ್ಲಿ ಬಾರಿಸಿದ್ದು ಅಲ್ಲೇ ಮುಗಿಯಿತು. ಯಾರೋ ಫೋನಿನಲ್ಲಿ ಹಿಡಿದ ತುಣುಕುಗಳಲ್ಲಿ ಕೇಳಿಸುವುದು ಬರೀ ಗಲಾಟೆ. ಈ ಆಲ್ಬಮ್ಮಿನಲ್ಲಿ ನನ್ನ ಬಡಿತ ಶುದ್ಧವಾಗಿ ಉಳಿಯಬೇಕು ಎಂಬುದೊಂದೇ ನನ್ನ ಆಸೆಯಾಗಿತ್ತು. ಮುಖ್ಯವಾಗಿ ಅಬ್ಬಾಗೆ, ಅಂದರೆ ನನ್ನ ತಂದೆಗೆ, ಕೇಳಿಸಬೇಕಿತ್ತು. ಅವರು ನಮ್ಮ ಒಂದು ಕಾರ್ಯಕ್ರಮಕ್ಕೂ ಬಂದವರಲ್ಲ, ಆದರೆ ಅಂಗಡಿಯ ಹಿಂದಿನ ಶೆಡ್ಡಿನಲ್ಲಿ ನಾನು ಅಭ್ಯಾಸ ಮಾಡುವಾಗ ಗೋಡೆಯ ಆಚೆ ಕೂತು ಕೇಳುತ್ತಿದ್ದರು.

ಅಬ್ಬಾ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ಜೀವಮಾನವಿಡೀ ತೂಕದ ಕೆಲಸ ಮಾಡಿದವರು. ಅಲ್ಲಿ ಚೀಲ ತೂಗುವಾಗ ‘ಒಂದು’ ಎಂದು ಎಣಿಕೆ ಶುರು ಮಾಡುವುದಿಲ್ಲ. ಮೊದಲನೆಯ ಚೀಲಕ್ಕೆ ‘ಲಾಭಾ’ ಅನ್ನಬೇಕು, ಆಮೇಲೆ ಎರಡು, ಮೂರು. ಮನೆಯಲ್ಲಿ ನಮ್ಮದು ಉರ್ದು, ಕನ್ನಡ ಎರಡೂ, ಆದರೆ ಎಣಿಸುವ ಮಾತು ಬಂದರೆ ಅಬ್ಬಾ ಕನ್ನಡಕ್ಕೇ ಹೊರಳುತ್ತಾರೆ. ಬುಟ್ಟಿಯ ರೊಟ್ಟಿ ಎಣಿಸಿದರೂ ಮೊದಲನೆಯದು ಲಾಭವೇ. ನನ್ನ ಬಾಯಿಗೂ ಅದೇ ಕೂತಿತ್ತು. ಬ್ಯಾಂಡಿನ ಮೊದಲ ದಿನ ಕೋಲಿಗೆ ಕೋಲು ಬಡಿದು “ಲಾಭಾ, ಎರಡ, ಮೂರ, ನಾಕ” ಎಂದೆ. ಉಳಿದಿಬ್ಬರು ನಗುತ್ತ ಶುರು ಮಾಡುವುದನ್ನೇ ಮರೆತರು. ಮುಂದೆ ಅದೇ ನಮ್ಮ ಗುರುತಾಯಿತು. ಗುತ್ತಲದ ಕಡೆ ಹೋದರೆ ನಾನು ಕೋಲು ಎತ್ತುವ ಮೊದಲೇ ಕೆಳಗೆ ಕೂತವರು “ಲಾಭಾ” ಎಂದು ಕೂಗುತ್ತಿದ್ದರು.

ಮೂರನೆಯ ದಿನ ಹಾಡುವವನು ಕ್ಲಿಕ್ ತಂದ. ಕ್ಲಿಕ್ ಎಂದರೆ ಕಿವಿಯೊಳಗೆ ಒಂದೇ ವೇಗದಲ್ಲಿ ಟಿಕ್ ಟಿಕ್ ಅನ್ನುವ ಸದ್ದು. ಅದರ ಮೇಲೆ ಬಾರಿಸಿದರೆ ಆಮೇಲೆ ಕಂಪ್ಯೂಟರಿನಲ್ಲಿ ಕತ್ತರಿಸಿ ಅಂಟಿಸುವುದು ಸುಲಭ. ಎರಡು ದಿನ ಪ್ರಯತ್ನಪಟ್ಟೆ. ಉಳಿದ ಹಾಡುಗಳು ಹೇಗೋ ದಾಟಿದವು. ‘ಘಾಟು’ ಮಾತ್ರ ಬಗ್ಗಲಿಲ್ಲ, ಯಾಕೆಂದರೆ ಆ ಹಾಡು ಶುರುವಾದ ವೇಗದಲ್ಲಿ ಮುಗಿಯುವುದಿಲ್ಲ. ನನ್ನ ಸೋದರಮಾವ ಮೊಹರಮ್ಮಿನಲ್ಲಿ ತಾಸೆ ಬಾರಿಸುತ್ತಿದ್ದರು. ಹೆಜ್ಜೆ ಹಾಕುವವರ ಕಾಲು ಏರಿದ ಹಾಗೆ ಬಡಿತವೂ ಏರಬೇಕು, ಆದರೆ ಯಾರಿಗೂ ಏರಿದ್ದು ಗೊತ್ತಾಗಬಾರದು ಎಂದು ಅವರು ಕಲಿಸಿದ್ದರು. ನಾನು ‘ಘಾಟು’ವನ್ನು ಹಾಗೆಯೇ ಕಟ್ಟಿದ್ದೆ.

“ನೀ ಓಡಾಕತ್ತೀಯಪಾ,” ಎಂದ ಹಾಡುವವನು. “ಕ್ಲಿಕ್ ಹಿಂದ ಬಿಟ್ಟು ಹೊಂಟೀದಿ.”

“ಓಡಾಕತ್ತಿಲ್ಲ. ಏರಾಕತ್ತೇನಿ.”

“ಎರಡಕ್ಕೂ ಏನ ಫರಕ?”

“ಓಡಿದ್ರ ನೀವಿಬ್ರೂ ಹಿಂದ ಉಳೀತೀರಿ. ಏರಿದ್ರ ಕೂಡೇ ಬರತೀರಿ. ಹಿಂದ ಉಳದೀಯೇನು?”

ಬೇಸಿನವಳು ನನ್ನ ಪರ ನಿಂತಳು. “ಅಂವಾ ಏರಿದ್ರ ನನ್ನ ಬೆರಳು ತಾವಾ ಏರತಾವು. ಕ್ಲಿಕ್ ತಗೀರಿ,” ಎಂದಳು. ಹಾಡುವವನು “ಆತು ಬಿಡ್ರಿಪಾ” ಎಂದು ತಂತಿ ಕಿತ್ತ. ಮೂವರೂ ಒಟ್ಟಿಗೆ, ಕ್ಲಿಕ್ ಇಲ್ಲದೆ, ಒಂದೇ ಉಸಿರಿನಲ್ಲಿ ಬಾರಿಸುವುದು ಎಂದು ತೀರ್ಮಾನವಾಯಿತು.

ಏಳನೆಯ ದಿನ ಮಧ್ಯಾಹ್ನ ‘ಘಾಟು’ ಸರಿಯಾಗಿ ಬಂತು. ಕಂಪ್ರೆಸರ್ ನಿಂತಿತು, ನಾನು ಎಣಿಸಿದೆ, ಹೊರಟೆವು. ಮೂರನೆಯ ಚರಣದಲ್ಲಿ ಬೆವರಿಗೆ ನನ್ನ ಎಡಗೈಯ ಕೋಲು ಜಾರಿ ಬಿತ್ತು. ಎರಡು ಸುತ್ತು ಬಲಗೈ ಒಂದರಲ್ಲೇ ನಡೆಸಿ, ಪಕ್ಕದಲ್ಲಿ ಸಿಕ್ಕಿಸಿದ್ದ ಇನ್ನೊಂದು ಕೋಲು ಎಳೆದುಕೊಂಡೆ. ಆ ಎರಡು ಸುತ್ತಿನಲ್ಲಿ ಹಾಡು ಒಮ್ಮೆಲೇ ಬರಿದಾಗಿ, ಮತ್ತೆ ತುಂಬಿಕೊಂಡು ಮೇಲಕ್ಕೆದ್ದಿತು. ಮುಗಿದಾಗ ಕಂಪ್ರೆಸರಿನ ಬಿಡುವು ಇನ್ನೂ ಐದು ನಿಮಿಷ ಉಳಿದಿತ್ತು. ಹಾಡುವವನು ಬಂದು ನನ್ನ ಬೆವರಿದ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು ಅಲ್ಲಾಡಿಸಿದ. “ಕೋಲ ಬಿದ್ದದ್ದ ತಗೀಬ್ಯಾಡ್ರಿ, ಹಂಗಾ ಇರ್ಲಿ,” ಎಂದಳು ಬೇಸಿನವಳು. ನನ್ನ ಕಣ್ಣಲ್ಲಿ ನೀರು ಬಂತು. ಮೆಣಸಿನಕಾಯಿ ಧೂಳು ಎಂದೆ.

ಫೈಲುಗಳೆಲ್ಲ ಇದ್ದದ್ದು ಹಾಡುವವನ ಒಂದೇ ಡಿಸ್ಕಿನಲ್ಲಿ. ನನಗೂ ಒಂದು ಪ್ರತಿ ಕೊಡು ಎಂದು ಕೇಳಬೇಕೆಂದು ನನಗೆ ಹೊಳೆಯಲೇ ಇಲ್ಲ. ಹುಬ್ಬಳ್ಳಿಯ ಒಂದು ಸ್ಟುಡಿಯೋದಲ್ಲಿ ಮಿಕ್ಸಿಂಗ್ ಮಾಡಿಸುತ್ತೇನೆ ಎಂದು ಅವನು ಒಯ್ದ. ಒಂದು ತಿಂಗಳಾಯಿತು, ಎರಡಾಯಿತು. ಕೇಳಿದಾಗಲೆಲ್ಲ “ಆಗತೈತಿ, ಲಗೂ ಮಾಡಿದ್ರ ಕೆಡತೈತಿ” ಎನ್ನುತ್ತಿದ್ದ. ಒಂದು ದಿನ ಫೋನ್ ಬಂತು.

“ಎಣಸೂದೈತೆಲ್ಲ, ಅದನ್ನಷ್ಟ ಬ್ಯಾರೆ ಕಳಸು. ಲಾಭಾ, ಎರಡ, ಮೂರ, ನಾಕ. ಫೋನಿನ್ಯಾಗ ಮಾಡಿದ್ರೂ ನಡಿತೈತಿ.”

“ಯಾಕ? ರೆಕಾರ್ಡಿನ್ಯಾಗ ಐತೆಲ್ಲ?”

“ಅದರಾಗ ಗುಂಯ್ ಅಂತ ಸದ್ದ ಐತಪಾ.”

ನಂಬಿದೆ. ಅಷ್ಟೇ ಅಲ್ಲ, ನನಗೊಂದು ಹುರುಪು ಬಂತು. ಎಣಿಸುವ ಮಾತು ನನ್ನದಲ್ಲ, ಅಬ್ಬಾ ಅವರದು. ಅವರ ಬಾಯಲ್ಲೇ ಹೇಳಿಸಿದರೆ? ಅಬ್ಬಾರನ್ನು ಮಾರುಕಟ್ಟೆಯ ಖಾಲಿ ಕಟ್ಟೆಯ ಮೇಲೆ ಕೂರಿಸಿ ಫೋನ್ ಹಿಡಿದೆ. ಅವರು ಟೋಪಿ ಸರಿ ಮಾಡಿಕೊಂಡು, ಗಂಟಲು ಕೆರೆದು, ಮೊದಲ ಸಲ ಹಾಡಿದ ಹಾಗೆ ಹೇಳಿದರು. ಎರಡನೆಯ ಸಲ ಸಿಟ್ಟಿನಲ್ಲಿ ಹೇಳಿದರು. ಮೂರನೆಯ ಸಲ ನಾನು ಅಲ್ಲಿದ್ದ ಖಾಲಿ ಚೀಲಗಳನ್ನು ತೋರಿಸಿ “ಇವನ್ನ ಎಣಸ್ರಿ” ಎಂದೆ. ಆಗ ಸರಿಯಾಗಿ ಬಂತು. ಕಳಿಸಿದೆ. ಹಾಡುವವನು ನಮಸ್ಕಾರದ ಮೂರು ಚಿತ್ರ ಹಾಕಿದ.

ಆಲ್ಬಮ್ಮಿನ ಮೊದಲ ಹಾಡಾಗಿ ‘ಘಾಟು’ ಬಿಡುಗಡೆಯಾಗಿದೆ ಎಂದು ಲಿಂಕ್ ಬಂದಾಗ ನಾನು ಅಂಗಡಿಯಲ್ಲಿ ಒಂದು ಪಂಪಿನ ಸುತ್ತುಗಳಿಗೆ ವಾರ್ನಿಷ್ ಬಳಿಯುತ್ತಿದ್ದೆ. ನಾನೇ ಕೇಳುವ ಮೊದಲು, ಕಿರುಬೆರಳಿನಿಂದ ಒತ್ತಿ, ಅಬ್ಬಾರ ಫೋನಿಗೆ ಲಿಂಕ್ ಕಳಿಸಿದೆ. ಕೆಳಗೆ ‘ನಿಮ್ಮ ದನಿ, ನನ್ನ ಕೈ’ ಎಂದು ಬರೆದೆ. ಆಮೇಲೆ ಕೈ ತೊಳೆದು, ಕಿವಿಗೆ ಸಿಕ್ಕಿಸಿಕೊಂಡು ಕೂತೆ.

ಅಬ್ಬಾರ ದನಿ ಬಂತು. ಚೆನ್ನಾಗಿತ್ತು, ಮೈ ಜುಮ್ಮೆಂದಿತು. ಆಮೇಲೆ ಡ್ರಮ್ಸ್ ಬಂತು. ಮೊದಲ ಚರಣ ಮುಗಿಯುವವರೆಗೂ ನನ್ನದೇ ಎಂದುಕೊಂಡೆ, ಯಾಕೆಂದರೆ ನಾನು ಬಾರಿಸುವುದೆಲ್ಲವನ್ನೂ ಯಾರೋ ನೆಟ್ಟಗೆ ಕಲಿತು ಬಾರಿಸಿದ್ದರು. ಎರಡನೆಯ ಚರಣದಲ್ಲಿ ಏನೋ ಕಾಣೆಯಾಗಿದೆ ಅನ್ನಿಸಿತು. ಹಾಡು ಏರಲಿಲ್ಲ, ನಿಂತಲ್ಲೇ ನಿಂತಿತ್ತು. ಕಂಪ್ಯೂಟರಿನಲ್ಲಿ ಎಳೆದು ಸಮ ಮಾಡಿರಬೇಕು ಎಂದುಕೊಂಡೆ. ನನ್ನ ದೊಡ್ಡ ಸಿಂಬಲ್ಲಿನ, ಅಂದರೆ ಕಂಚಿನ ತಟ್ಟೆಯ, ಅಂಚಿನಲ್ಲಿ ಒಂದು ಸೀಳು ಇದೆ, ಬಡಿದರೆ ಕೊನೆಗೊಂದು ಝರ್ ಎನ್ನುತ್ತದೆ. ಇದರಲ್ಲಿ ಹೊಸ ತಟ್ಟೆಯ ಹಾಗೆ ಶುದ್ಧ ಸದ್ದು. ಮೂರನೆಯ ಚರಣಕ್ಕಾಗಿ ಕಾದೆ. ಕೋಲು ಬೀಳಲಿಲ್ಲ. ಎರಡೂ ಕೈ ಕೊನೆಯವರೆಗೂ ಇದ್ದವು. ಆ ಎರಡೂ ಕೈ ನನ್ನವಲ್ಲ.

ಕೆಳಗೆ ಹೆಸರುಗಳಿದ್ದವು. ಡ್ರಮ್ಸ್ ಎಂಬಲ್ಲಿ ನನ್ನ ಹೆಸರು.

ಮೂರು ದಿನ ಬಿಟ್ಟು ಹಾವೇರಿ ಬಸ್ ಸ್ಟ್ಯಾಂಡ್ ಹತ್ತಿರದ ಗಿರ್ಮಿಟ್ ಅಂಗಡಿಯಲ್ಲಿ ಮೂವರೂ ಕೂತೆವು. ತಟ್ಟೆಗಳು ಬಂದವು, ಯಾರೂ ಮುಟ್ಟಲಿಲ್ಲ.

“ಬಾರಿಸಿದಾಂವ ಯಾರು?” ಎಂದೆ.

ಹಾಡುವವನು ಸುಳ್ಳು ಹೇಳಲಿಲ್ಲ, ಅಷ್ಟು ಮರ್ಯಾದೆ ಇಟ್ಟ. “ಸ್ಟುಡಿಯೋದಾಂವ ಒಬ್ಬ. ಮಿಕ್ಸಿಂಗ್ ಮಾಡಾಂವ ಕೇಳಿ, ಇದು ಓಡತೈತಿ, ಎಲ್ಲೂ ಕುಂದ್ರೂದಿಲ್ಲ ಅಂದ. ನಿನಗ ಹೇಳಿದ್ರ ನೀ ಒಪ್ಪತಿದ್ದಿಲ್ಲ.”

“ಹೌದು, ಒಪ್ಪತಿದ್ದಿಲ್ಲ.”

“ಅದಕ್ಕಾ ಹೇಳಲಿಲ್ಲ. ಹೆಸರು ನಿಂದಾ ಐತೆಲ್ಲೋ! ಯಾರಿಗೆ ಗೊತ್ತಾಗತೈತಿ?”

ನಾವು ಮೂವರೂ ಒಂದೇ ಕೋಣೆಯಲ್ಲಿ ಬಾರಿಸಿದ್ದೆವು. ಅವರ ಮೈಕುಗಳಲ್ಲೆಲ್ಲ ನನ್ನ ಡ್ರಮ್ಸ್ ಸೋರಿರುತ್ತದೆ. ನನ್ನದನ್ನು ತೆಗೆಯಬೇಕಾದರೆ ಉಳಿದದ್ದನ್ನೂ ಹೊಸದಾಗಿ ನುಡಿಸಲೇಬೇಕು. ಇದು ಬಸ್ಸಿನಲ್ಲಿ ಬರುವಾಗ ನನ್ನ ತಲೆಗೆ ಹೊಳೆದಿತ್ತು, ಆದರೂ ಹಾಗಿರಲಾರದು ಎಂದು ನಾನೇ ಸಮಾಧಾನ ಹೇಳಿಕೊಂಡಿದ್ದೆ. ಬೇಸಿನವಳ ಕಡೆ ತಿರುಗಿದೆ.

“ನೀ ಮತ್ತೊಮ್ಮೆ ನುಡಿಸೀಯೇನು?”

ಅವಳು ತಟ್ಟೆಯ ಈರುಳ್ಳಿ ಚೂರುಗಳನ್ನು ಒಂದು ಕಡೆ ಸರಿಸುತ್ತಿದ್ದಳು. “ಎರಡ ಐತವಾರ ಹೋಗಿದ್ನಿ,” ಎಂದಳು. “ಹೇಳಬೇಕಂತ ಭಾಳ ಮಾಡಿದ್ನಿ. ಬಾಯಿ ಬರಲಿಲ್ಲ.”

ಆ ಎರಡು ಭಾನುವಾರಗಳ ನಡುವಿನ ವಾರದಲ್ಲಿ ಅವಳು ನಮ್ಮ ಮನೆಗೆ ಊಟಕ್ಕೆ ಬಂದಿದ್ದಳು. ಅಬ್ಬಾರ ದನಿಯ ರೆಕಾರ್ಡನ್ನು ನಾನೇ ಅವಳಿಗೆ ಕೇಳಿಸಿದ್ದೆ, ಅವಳು ಚಪ್ಪಾಳೆ ತಟ್ಟಿದ್ದಳು. ಹಾಡುವವನು ಮಾಡಿದ್ದು ನನಗೆ ಸಿಟ್ಟು ತರಿಸಿತು. ಇವಳದು ನನ್ನನ್ನು ಮುರಿಯಿತು. ಅವನು ಯಾವಾಗಲೂ ಕ್ಲಿಕ್ಕಿನ ಕಡೆಯವನೇ, ಅವಳು ನನ್ನ ಕಡೆ ನಿಂತವಳು.

“ನನ್ನ ಟೇಕ್ ಕೊಡು. ಕೋಲ್ಡ್ ಸ್ಟೋರೇಜಿಂದು,” ಎಂದೆ ಹಾಡುವವನಿಗೆ.

ಅವನು ಅಂಗಡಿಯವನ ಕಡೆ ನೋಡಿದ, ರಸ್ತೆಯ ಕಡೆ ನೋಡಿದ. “ಡಿಸ್ಕಿನ್ಯಾಗ ಜಾಗ ಇರಲಿಲ್ಲೋ. ಹೊಸಾದು ಹಾಕಬೇಕಾಗಿತ್ತು. ಅಳಿಸೇನಿ.”

“ಎಲ್ಲಾನೂ?”

“ಎಲ್ಲಾನೂ.”

ನಾನು ಎದ್ದೆ. ಜಗಳ ಮಾಡಲಿಲ್ಲ. ಈಗ ನೆನೆಸಿಕೊಂಡರೆ ಒಂದು ತಟ್ಟೆಯನ್ನಾದರೂ ಒಡೆಯಬೇಕಿತ್ತು ಅನ್ನಿಸುತ್ತದೆ.

ಹೆಸರು ತೆಗೆಸಬೇಕು ಎಂಬುದು ವಾಪಸ್ ಬರುವ ಬಸ್ಸಿನಲ್ಲೇ ನಿಶ್ಚಯವಾಗಿತ್ತು. ಅಡ್ಡ ನಿಂತದ್ದು ಅಬ್ಬಾರ ದನಿ. ನನ್ನ ಹೆಸರು ತೆಗೆಸಿ ಅವರ ದನಿ ಮಾತ್ರ ಅಲ್ಲಿ ಬಿಡುವುದು ಹೇಗೆ? ತೆಗೆಸಿದರೆ ಅವರಿಗೆ ಏನು ಹೇಳುವುದು? ಅಬ್ಬಾ ದಿನಾ ಬೆಳಿಗ್ಗೆ ಮಾರುಕಟ್ಟೆಯ ಎದುರಿನ ಚಹಾ ಅಂಗಡಿಗೆ ಹೋಗಿ, ಹಳೆಯ ತೂಕದವರನ್ನೂ ಹಮಾಲರನ್ನೂ ಸೇರಿಸಿಕೊಂಡು ಹಾಡು ಕೇಳಿಸುತ್ತಿದ್ದರು. “ನಮ್ಮ ಹುಡುಗ ಬಾರಿಸಿದ್ದು, ಹೆಸರ ನೋಡ್ರಿ” ಎಂದು ಫೋನ್ ತಿರುಗಿಸಿ ತೋರಿಸುತ್ತಿದ್ದರಂತೆ. ನನ್ನ ಅಂಗಡಿಗೆ ಬಂದವರು ಹೇಳುತ್ತಿದ್ದರು. ಹಾಡು ಬಂದ ದಿನದಿಂದ ಹತ್ತು ದಿನ ಹೀಗೇ ಕಳೆದೆ. ಮನೆಯಲ್ಲಿ ಅಬ್ಬಾ ಹಾಡಿನ ಮಾತೇ ಎತ್ತುತ್ತಿರಲಿಲ್ಲ. ವಯಸ್ಸಾದವರ ನಾಚಿಕೆ ಎಂದುಕೊಂಡೆ.

ಹನ್ನೊಂದನೆಯ ದಿನ ಸಂಜೆ, ನಮಾಜ್ ಮುಗಿಸಿ ಬಂದವರ ಎದುರು ಕೂತು ಹೇಳಿದೆ. “ಅಬ್ಬಾ, ಆ ಹಾಡಿನ್ಯಾಗ ಬಾರಿಸಿದಾಂವ ನಾ ಅಲ್ಲ.”

ಅವರು ಟೋಪಿ ತೆಗೆದು ಮೊಣಕಾಲ ಮೇಲಿಟ್ಟುಕೊಂಡರು. “ಗೊತ್ತೈತಿ,” ಎಂದರು.

“ಯಾವಾಗಿಂದ?” ಎಂದೆ.

“ಮೊದಲನೇ ದಿನಾನ ಗೊತ್ತಾತು. ನಾ ಎಣಸಿದ ಮ್ಯಾಗ ನಿನ್ನ ಕೈ ಬರಬೇಕಾಗಿತ್ತು. ಬರಲಿಲ್ಲ. ಇಷ್ಟ ವರ್ಷ ಗ್ವಾಡಿ ಹಿಂದ ಕುಂತ ಕೇಳೇನಿ, ನಿನ್ನ ಕೈ ನನಗ ಗೊತ್ತಾಗೂದಿಲ್ಲೇನು?”

“ಮತ್ತ ಎಲ್ಲಾರಿಗೂ ನಂದಂತ ಯಾಕ ಕೇಳಿಸಿದ್ರಿ?”

“ಹೆಸರು ನಿಂದ ಹಾಕ್ಯಾರಲ್ಲ. ನೀನಾ ಹೇಳಿ ಹಾಕಿಸಿರಬೇಕು ಅಂದ್ಕೊಂಡೆ. ನನಗ ಚೀಟಿನೂ ಕಳಸೀದಿ, ನಿಮ್ಮ ದನಿ ನನ್ನ ಕೈ ಅಂತ.” ಅವರು ನನ್ನನ್ನು ನೋಡಲಿಲ್ಲ, ಟೋಪಿಯನ್ನೇ ನೋಡುತ್ತಿದ್ದರು. “ಮಗಾ ಖೋಟಾ ತೂಕಾ ಮಾಡ್ಯಾನ ಅಂತ ಕಟ್ಟಿ ಮ್ಯಾಲೆ ಕುಂತ ಹೇಳಾಕ ಬರತೈತೇನು? ನಾನೂ ಹೌದು ಅಂದೆ.”

ಜೀವಮಾನದಲ್ಲಿ ಒಂದು ಚೀಲದ ತೂಕವನ್ನೂ ತಪ್ಪು ಹೇಳದ ಮನುಷ್ಯ ಹತ್ತು ದಿನ ನನಗಾಗಿ ಊರಿಗೆ ಸುಳ್ಳು ಹೇಳಿದ್ದರು. ಮನಸ್ಸಿನಲ್ಲಿ ನನ್ನನ್ನು ಕಳ್ಳ ಎಂದು ತೀರ್ಮಾನಿಸಿಕೊಂಡೇ ಹೇಳಿದ್ದರು. ನಾನು ಎಲ್ಲವನ್ನೂ ಬಿಡಿಸಿ ಹೇಳಿದೆ. ನನಗೆ ಗೊತ್ತಿರಲಿಲ್ಲ, ಹಾಡು ಕೇಳಿ ನೋಡದೆಯೇ ಲಿಂಕ್ ಕಳಿಸಿದೆ, ಹೆಸರು ಅವರೇ ಹಾಕಿದ್ದು. ನನ್ನ ದನಿ ನನಗೇ ಸುಳ್ಳುಗಾರನ ದನಿಯ ಹಾಗೆ ಕೇಳಿಸಿತು. ಅಬ್ಬಾ ಪೂರ್ತಿ ಕೇಳಿದರು.

“ಹೆಸರು ತಗಸು,” ಎಂದರು. “ನನ್ನ ದನೀನೂ ತಗಸು.”

ಅಲ್ಲೇ ಅವರ ಎದುರಿನಲ್ಲೇ ಹಾಡುವವನಿಗೆ ಸಂದೇಶ ಬರೆದೆ. ವಾರದೊಳಗೆ ಎರಡನ್ನೂ ತೆಗೆದರು. ನನ್ನ ಹೆಸರಿದ್ದಲ್ಲಿ ಆ ಸ್ಟುಡಿಯೋದವನ ಹೆಸರು ಹಾಕಿರೆಂದು ಕೇಳಿದ್ದೆ, ಅದನ್ನು ಹಾಕಲಿಲ್ಲ. ನಾವು ಮೂವರೂ ಮತ್ತೆ ಒಟ್ಟಿಗೆ ಕೂರಲಿಲ್ಲ. ಆದರೆ ಆ ಸಂಜೆ ಸಂದೇಶ ಕಳಿಸಿ ಫೋನ್ ಕೆಳಗಿಟ್ಟಾಗ ಅಬ್ಬಾ ಅಷ್ಟಕ್ಕೆ ಎದ್ದು ಹೋಗಲಿಲ್ಲ. ಗೋಡೆಗೆ ಒರಗಿ, ಕಾಲು ಚಾಚಿ ಕೂತರು. ಅವರ ಮುಖ ಎಷ್ಟೋ ಹಗುರಾಗಿತ್ತು.

“ಈಗ ನಿಂದ ಹಚ್ಚು,” ಎಂದರು.

“ನಂದು?”

“ನೀ ಬಾರಿಸಿದ್ದು. ಮೆಣಸಿನಕಾಯಿ ಖೋಲ್ಯಾಗ ಬಾರಿಸಿದ್ನಿ ಅಂದೆಲ್ಲ, ಅದನ್ನ ಹಚ್ಚು. ಕೇಳೂಣು.”

“ಅದು ಇಲ್ಲ ಅಬ್ಬಾ. ಅಳಿಸ್ಯಾರ.”

“ಅಳಿಸ್ಯಾರ?”

“ಹೂಂ.”

“ಒಂದೂ ಉಳದಿಲ್ಲ?”

“ಒಂದೂ ಇಲ್ಲ.”

ಅಬ್ಬಾ ನನ್ನ ಮುಖವನ್ನು ಬಹಳ ಹೊತ್ತು ನೋಡಿದರು. ತಕ್ಕಡಿಯ ಮುಳ್ಳು ನಿಲ್ಲುವವರೆಗೆ ಕಾಯುತ್ತಿದ್ದಾಗ ಹಾಗೆ ನೋಡುತ್ತಿದ್ದರು. ಆಮೇಲೆ “ಆತು ಬಿಡು” ಎಂದು ಟೋಪಿ ಹಾಕಿಕೊಂಡು ಎದ್ದರು. ಅವರು ನನ್ನ ಮಾತನ್ನು ನಂಬಿದರೋ ಇಲ್ಲವೋ, ಕೇಳಲು ಈವರೆಗೂ ನನಗೆ ಧೈರ್ಯ ಬಂದಿಲ್ಲ.